ಸೋತವರೇ ಕಲಿತ ವರಸೆ: ಎಡ್ಮಂಟನ್–ಫ್ಲೋರಿಡಾ ಜಗಳ ಮತ್ತು ಸಂಬಳದ ಮಿತಿ

2025ರ ಜೂನ್ 9. ಫ್ಲೋರಿಡಾದ ಸನ್‌ರೈಸ್‌ನಲ್ಲಿ ಒಂದು ಐಸ್ ಹಾಕಿ ಪಂದ್ಯ. ಆಟದ ಅವಧಿ 60 ನಿಮಿಷ. ಎರಡೂ ತಂಡಗಳಿಗೆ ಸೇರಿ ರೆಫರಿಗಳು ಕೊಟ್ಟ ಪೆನಾಲ್ಟಿ 140 ನಿಮಿಷ. ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನ ಸ್ಟಾನ್ಲಿ ಕಪ್ ಫೈನಲ್ ಸರಣಿಯ ಮೂರನೇ ಪಂದ್ಯ ಅದು. ಫ್ಲೋರಿಡಾ ಪ್ಯಾಂಥರ್ಸ್ ತಂಡ ಕೆನಡಾದ ಎಡ್ಮಂಟನ್ ಆಯಿಲರ್ಸ್ ತಂಡವನ್ನು 6–1ರಿಂದ ಹೊಡೆದು ಹಾಕಿತು. ಗ್ಲೌಸ್ ಕಿತ್ತೆಸೆದು, ಒಬ್ಬರ ಜೆರ್ಸಿ ಇನ್ನೊಬ್ಬರು ಹಿಡಿದೆಳೆದು ಗುದ್ದಾಡಿದ ವಿಡಿಯೊಗಳು ಹಾಕಿಯ ಗಂಧಗಾಳಿ ಇಲ್ಲದವರ ಫೋನಿಗೂ ಬಂದವು.

ಅದಾಗಿ ಒಂದು ತಿಂಗಳಿಗೆ ಇನ್ನೊಂದು ಸುದ್ದಿ. ಎನ್‌ಎಚ್‌ಎಲ್ ಮತ್ತು ಆಟಗಾರರ ಸಂಘ ಹೊಸ ಒಪ್ಪಂದ ಮಾಡಿಕೊಂಡವು, ಅದರಲ್ಲಿ ಲೀಗ್ ಹಂತದ ನಂತರದ ಪ್ಲೇಆಫ್ ಪಂದ್ಯಗಳಿಗೂ ಸಂಬಳದ ಮಿತಿ (ಒಂದು ತಂಡ ಆಟಗಾರರಿಗೆ ಕೊಡುವ ಒಟ್ಟು ಸಂಬಳಕ್ಕೆ ಹಾಕಿದ ಗೆರೆ) ಇದೆ ಅಂತ. ಒಪ್ಪಂದ ಪೂರ್ತಿ ಜಾರಿಯಾಗುವುದು 2026ರ ಸೆಪ್ಟೆಂಬರ್‌ನಿಂದ. ಆದರೆ ಈ ಒಂದು ಅಂಶವನ್ನು ಮಾತ್ರ ಅವಸರ ಮಾಡಿ 2025–26ರ ಸೀಸನ್‌ಗೇ ತಂದರು.

ಕಪ್ ಕೊನೆಗೆ ಫ್ಲೋರಿಡಾ ಪಾಲಾಗಿತ್ತು. ಎರಡೂ ಸುದ್ದಿ ಒಟ್ಟಿಗೆ ಓದಿದವರಿಗೆ ಗೊಂದಲ ಆಗುವುದು ಸಹಜ. ಫ್ಲೋರಿಡಾ ಮೋಸ ಮಾಡಿ ಗೆದ್ದಿತಾ? ಅದನ್ನು ಕಟ್ಟಿಹಾಕೋಕೆ ಈ ನಿಯಮವಾ? ಹಾಗಾದರೆ ಇಷ್ಟು ವರ್ಷ ಪ್ಲೇಆಫ್‌ನಲ್ಲಿ ಮಿತಿಯೇ ಇರಲಿಲ್ಲವಾ? ಕೊನೆಯ ಪ್ರಶ್ನೆಗೆ ಉತ್ತರ: ಹೌದು, ಇರಲಿಲ್ಲ. ಮೊದಲೆರಡಕ್ಕೆ ಸ್ವಲ್ಪ ಹಿಂದಿನಿಂದ ಬರಬೇಕು.

140 ನಿಮಿಷದ ಲೆಕ್ಕ

ಮೊದಲು ಆ ಸಂಖ್ಯೆ. ಐಸ್ ಹಾಕಿಯಲ್ಲಿ ಸಣ್ಣ ತಪ್ಪಿಗೆ ಎರಡು ನಿಮಿಷ ಹೊರಗೆ ಕೂರಬೇಕು. ಅಷ್ಟು ಹೊತ್ತು ತಂಡ ಒಬ್ಬ ಕಡಿಮೆ ಇಟ್ಟುಕೊಂಡು ಆಡುತ್ತದೆ. ಎದುರಾಳಿಗೆ ಅದೇ ಪವರ್ ಪ್ಲೇ. ಗೋಲು ಹೊಡೆಯೋಕೆ ಅದು ಒಳ್ಳೆಯ ಅವಕಾಶ.

ಗುದ್ದಾಟದ ಲೆಕ್ಕ ಬೇರೆ. ಗುದ್ದಾಡಿದ ಇಬ್ಬರಿಗೂ ಐದೈದು ನಿಮಿಷ. ಆದರೆ ಎರಡೂ ಕಡೆಯಿಂದ ಒಬ್ಬೊಬ್ಬರು ಹೋಗುವುದರಿಂದ ಇಬ್ಬರ ಜಾಗಕ್ಕೂ ಬದಲಿ ಬರುತ್ತಾರೆ, ಆಟ ಐದಕ್ಕೆ ಐದೇ ನಡೆಯುತ್ತದೆ. ಅದರ ಮೇಲೆ ಮಿಸ್‌ಕಂಡಕ್ಟ್ ಅಂತ ಹತ್ತು ನಿಮಿಷದ್ದೊಂದು ಇದೆ. ಅದು ಆಟಗಾರನಿಗೆ ಶಿಕ್ಷೆ, ತಂಡಕ್ಕಲ್ಲ. ಅವನು ಹೊರಗೆ ಹೋಗುತ್ತಾನೆ, ಇನ್ನೊಬ್ಬ ತಕ್ಷಣ ಒಳಗೆ ಬರುತ್ತಾನೆ. ಪಂದ್ಯದಿಂದಲೇ ಹೊರಗೆ ಕಳಿಸಿದರೂ ಪುಸ್ತಕದಲ್ಲಿ ಹತ್ತು ನಿಮಿಷ ಅಂತಲೇ ಬರೆಯುತ್ತಾರೆ. ಹಾಗಾಗಿ ಒಂದು ಗಲಾಟೆಯಲ್ಲಿ ನಾಲ್ಕೈದು ಜನ ಸಿಕ್ಕಿಕೊಂಡರೆ ಐವತ್ತು ಅರವತ್ತು ನಿಮಿಷ ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ಸೇರಿಬಿಡುತ್ತದೆ.

ಅವತ್ತು ಆದದ್ದೂ ಇದೇ. 140ರಲ್ಲಿ ಎಡ್ಮಂಟನ್ ಪಾಲು 85, ಫ್ಲೋರಿಡಾದ್ದು 55. ಬಹುಪಾಲು ಮೂರನೇ, ಅಂದರೆ ಕೊನೆಯ ಅವಧಿಯಲ್ಲಿ, ಪಂದ್ಯ ಯಾರದ್ದು ಅಂತ ತೀರ್ಮಾನ ಆದ ಮೇಲೆ ಬಂದದ್ದು. ಅಂದರೆ ಆ ಗುದ್ದಾಟದಿಂದ ಎಡ್ಮಂಟನ್ ಸೋಲಲಿಲ್ಲ. ಸೋಲುತ್ತಿದ್ದೇವೆ ಅಂತ ಗೊತ್ತಾದ ಮೇಲೆ ಗುದ್ದಾಟ ಶುರುವಾಯಿತು.

ಆದರೂ ಅದು ಸುಮ್ನೆ ಸಿಟ್ಟಲ್ಲ. ನಾಳಿದ್ದು ಇವರ ಜೊತೆಗೇ ಮತ್ತೆ ಆಡಬೇಕು, ಈಗ ತಲೆ ತಗ್ಗಿಸಿ ಹೋದರೆ ಮುಂದಿನ ಪಂದ್ಯದಲ್ಲಿ ಇನ್ನೂ ಜಾಸ್ತಿ ತುಳಿಯುತ್ತಾರೆ ಎನ್ನುವ ಲೆಕ್ಕಾಚಾರ ಅದರಲ್ಲಿ ಇರುತ್ತದೆ. ಆ ಲೆಕ್ಕಾಚಾರ ಸರಿಯೋ ತಪ್ಪೋ ಬೇರೆ ಮಾತು.

ಒಂದೇ ಎದುರಾಳಿ, ಮತ್ತೆ ಮತ್ತೆ

ಏಳರಲ್ಲಿ ಮೊದಲು ನಾಲ್ಕು ಗೆದ್ದವರಿಗೆ ಕಪ್. 2025ರ ಸರಣಿ ಜೂನ್ 4ಕ್ಕೆ ಶುರುವಾಗಿ 17ಕ್ಕೆ ಮುಗಿಯಿತು. ಎರಡು ವಾರದಲ್ಲಿ ಆರು ಪಂದ್ಯ, ನಾಲ್ಕು ಸಾವಿರ ಕಿಲೋಮೀಟರಿಗೂ ಜಾಸ್ತಿ ದೂರದ ಎರಡು ಊರುಗಳ ನಡುವೆ ಓಡಾಟ. ಮೊದಲ ನಾಲ್ಕು ಪಂದ್ಯಗಳಲ್ಲಿ ಮೂರು ಓವರ್‌ಟೈಮ್‌ಗೆ ಹೋದವು. ಪ್ಲೇಆಫ್‌ನಲ್ಲಿ ಓವರ್‌ಟೈಮ್ ಅಂದರೆ ಪೆನಾಲ್ಟಿ ಶೂಟೌಟ್ ಅಲ್ಲ, ಯಾರಾದರೂ ಒಂದು ಗೋಲು ಹೊಡೆಯುವ ತನಕ ಇಪ್ಪತ್ತಿಪ್ಪತ್ತು ನಿಮಿಷ ಆಡುತ್ತಲೇ ಇರಬೇಕು. ಎರಡನೇ ಪಂದ್ಯ ಎರಡು ಓವರ್‌ಟೈಮ್ ತನಕ ಎಳೆಯಿತು, ಬ್ರಾಡ್ ಮಾರ್ಶಂಡ್ ಫ್ಲೋರಿಡಾಗೆ ಗೆದ್ದುಕೊಟ್ಟ. ನಾಲ್ಕನೆಯದರಲ್ಲಿ 3–0 ಹಿಂದೆ ಬಿದ್ದ ಎಡ್ಮಂಟನ್ ಎದ್ದು ಬಂದು 5–4ರಿಂದ ಗೆದ್ದಿತು. ಕೊನೆಯ ಗೋಲು ಲಿಯಾನ್ ಡ್ರೈಸೈಟಲ್‌ನದು, ಒಂದೇ ಪ್ಲೇಆಫ್‌ನಲ್ಲಿ ಅವನ ನಾಲ್ಕನೇ ಓವರ್‌ಟೈಮ್ ಗೋಲು. ಅದು ದಾಖಲೆ.

ಇದಕ್ಕೆ ಹಿಂದಿನ ವರ್ಷದ ಬಾಕಿಯೂ ಸೇರಿತ್ತು. 2024ರ ಫೈನಲ್ ಕೂಡ ಇವರಿಬ್ಬರದೇ. ಆಗ ಫ್ಲೋರಿಡಾ ಮೊದಲ ಮೂರು ಗೆದ್ದಿತು, ಎಡ್ಮಂಟನ್ ಮುಂದಿನ ಮೂರು ಗೆದ್ದಿತು, ಏಳನೆಯದನ್ನು ಫ್ಲೋರಿಡಾ 2–1ರಿಂದ ಕಿತ್ತುಕೊಂಡಿತು. ಸೋತ ತಂಡದ ಕಾನರ್ ಮೆಕ್‌ಡೇವಿಡ್‌ಗೇ ಪ್ಲೇಆಫ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿ ಬಂತು, ಅದನ್ನು ತೆಗೆದುಕೊಳ್ಳೋಕೂ ಅವನು ಹೊರಗೆ ಬರಲಿಲ್ಲ. ಸತತ ಎರಡು ವರ್ಷ ಅದೇ ಎರಡು ತಂಡ ಫೈನಲ್ ಆಡಿದ್ದು 2008 ಮತ್ತು 2009ರಲ್ಲಿ ಡೆಟ್ರಾಯಿಟ್ ಮತ್ತು ಪಿಟ್ಸ್‌ಬರ್ಗ್ ಆಡಿದ ಮೇಲೆ ಇದೇ ಮೊದಲು.

ಇನ್ನೂ ಹಿಂದಕ್ಕೆ ಹೋದರೆ ಬೇರು ಸಿಗುವುದು ಫ್ಲೋರಿಡಾದಲ್ಲಿ ಅಲ್ಲ, ಕೆನಡಾದ ಆಲ್ಬರ್ಟಾದಲ್ಲಿ. ಫ್ಲೋರಿಡಾದ ಇಬ್ಬರು ಕೆಣಕುವ ಆಟಗಾರರು, ಮ್ಯಾಥ್ಯೂ ಕಚಕ್ ಮತ್ತು ಸ್ಯಾಮ್ ಬೆನೆಟ್, ಮೊದಲು ಕ್ಯಾಲ್ಗರಿಯಲ್ಲಿ ಇದ್ದವರು. ಕ್ಯಾಲ್ಗರಿ, ಎಡ್ಮಂಟನ್ ಎರಡೂ ಒಂದೇ ಪ್ರಾಂತ್ಯದ ಹಳೇ ಶತ್ರುಗಳು. ಎಡ್ಮಂಟನ್ ಅಭಿಮಾನಿಗಳಿಗೆ ಈ ಮುಖಗಳು ಹೊಸವಲ್ಲ, ಜೆರ್ಸಿ ಬಣ್ಣ ಮಾತ್ರ ಹೊಸದು.

ಫ್ಲೋರಿಡಾದ ಆಟದ ರೀತಿಯೇ ಎದುರಾಳಿಯ ಸಿಟ್ಟನ್ನು ನಂಬಿಕೊಂಡದ್ದು. ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ಎದುರಾಳಿಯ ಮೂಲೆಗೆ ತಳ್ಳು, ಅದರ ಹಿಂದೆ ಓಡು, ಅಲ್ಲಿ ಸಿಕ್ಕವನನ್ನು ಗೋಡೆಗೆ ಒತ್ತು, ಸೀಟಿ ಊದಿದ ಮೇಲೂ ಗೋಲ್‌ಕೀಪರನ ಹತ್ತಿರ ಒಂದೆರಡು ಕ್ಷಣ ಜಾಸ್ತಿ ನಿಂತಿರು. ಇದನ್ನು ಹತ್ತು ಸಲ ಮಾಡಿದರೆ ರೆಫರಿ ಎರಡು ಸಲ ಸೀಟಿ ಊದಬಹುದು. ಉಳಿದ ಎಂಟು ಸಲ ಲಾಭವೇ. ಹನ್ನೊಂದನೇ ಸಲ ಎದುರಾಳಿ ತಿರುಗಿ ಹೊಡೆದರೆ ಪೆನಾಲ್ಟಿ ಅವನಿಗೆ. ಎಡ್ಮಂಟನ್ ಕಡೆಯವರು ರೆಫರಿಗಳು ಫ್ಲೋರಿಡಾಗೆ ಸಲುಗೆ ಕೊಟ್ಟರು ಅಂದರು. ಫ್ಲೋರಿಡಾ ಕಡೆಯವರು ಎಡ್ಮಂಟನ್‌ಗೆ ಶಿಸ್ತಿಲ್ಲ ಅಂದರು. ನಿಜ ಹೇಳಬೇಕೆಂದರೆ ಎರಡೂ ಒಂದೇ ವಿಷಯದ ಎರಡು ಬದಿ. ಪ್ಲೇಆಫ್‌ನಲ್ಲಿ ರೆಫರಿಗಳು ಎಲ್ಲದಕ್ಕೂ ಸೀಟಿ ಊದುವುದಿಲ್ಲ ಅನ್ನುವುದು ಎಲ್ಲರಿಗೂ ಗೊತ್ತು, ಅದನ್ನು ಜಾಸ್ತಿ ಬಳಸಿಕೊಂಡವರು ಫ್ಲೋರಿಡಾದವರು.

ಆರನೇ ಪಂದ್ಯ ಫ್ಲೋರಿಡಾಗೆ, 5–1. ಸ್ಯಾಮ್ ರೈನ್‌ಹಾರ್ಟ್ ಒಬ್ಬನೇ ನಾಲ್ಕು ಗೋಲು. ಎಡ್ಮಂಟನ್ ಮತ್ತೆ ಖಾಲಿ ಕೈ. ಕೆನಡಾದ ತಂಡವೊಂದು ಈ ಕಪ್ ಕೊನೆಯ ಸಲ ಗೆದ್ದದ್ದು 1993ರಲ್ಲಿ, ಮಾಂಟ್ರಿಯಲ್. ಹೀಗಿರುವಾಗ ಸೋಲಿಗೆ ಬರೀ ಆಟದ ಕಾರಣ ಸಾಕಾಗುವುದಿಲ್ಲ, ಅಲ್ವಾ? ಚರ್ಚೆ ದುಡ್ಡಿನ ಕಡೆಗೆ ತಿರುಗಿತು.

ಮಿತಿ ಇದ್ದೂ ಇಲ್ಲದ ಎರಡು ತಿಂಗಳು

2004–05ರ ಸೀಸನ್ ಒಂದೂ ಪಂದ್ಯ ನಡೆಯದೆ ರದ್ದಾಯಿತು. ಮಾಲೀಕರು ಸಂಬಳಕ್ಕೆ ಮಿತಿ ಬೇಕು ಅಂದರು, ಆಟಗಾರರು ಬೇಡ ಅಂದರು, ಮಾಲೀಕರು ಬಾಗಿಲು ಹಾಕಿದರು. ಕೊನೆಗೆ ಮಿತಿ ಬಂತು. ಶುರುವಿನಲ್ಲಿ ತಂಡಕ್ಕೆ 3.9 ಕೋಟಿ ಡಾಲರ್. 2024–25ರಲ್ಲಿ ಅದು 8.8 ಕೋಟಿ, 2025–26ಕ್ಕೆ 9.55 ಕೋಟಿ. ಐಪಿಎಲ್ ಹರಾಜಿನ ಪರ್ಸ್ ಗೊತ್ತಿದ್ದವರಿಗೆ ಇದರ ಉದ್ದೇಶ ವಿವರಿಸಬೇಕಾಗಿಲ್ಲ. ದುಡ್ಡಿರುವ ತಂಡ ಎಲ್ಲ ಒಳ್ಳೆಯವರನ್ನು ಗುಡ್ಡೆ ಹಾಕಿಕೊಳ್ಳಬಾರದು, ಅಷ್ಟೇ.

ಆದರೆ 2024–25ರ ತನಕ ಈ ಮಿತಿಯನ್ನು ದಿನದ ಲೆಕ್ಕದಲ್ಲಿ ನೋಡುತ್ತಿದ್ದರು, ಅದೂ ಲೀಗ್ ಹಂತ ನಡೆಯುವಾಗ ಮಾತ್ರ. ಅಕ್ಟೋಬರ್‌ನಿಂದ ಏಪ್ರಿಲ್ ತನಕ. ಕಾರಣ ಸರಳ. ಆಟಗಾರರ ಸಂಬಳ ಕೊಡುವುದು ಆ ಅವಧಿಗೆ. ಪ್ಲೇಆಫ್ ಆಡುವ ಎರಡು ತಿಂಗಳಿಗೆ ಸಂಬಳ ಇಲ್ಲ, ಲೀಗ್ ಇಟ್ಟಿರುವ ಬೋನಸ್ ಹಣದಲ್ಲಿ ಪಾಲು ಮಾತ್ರ. ಸಂಬಳವೇ ಇಲ್ಲದ ಮೇಲೆ ಸಂಬಳದ ಮಿತಿ ಯಾಕೆ, ಅಂತ ಯಾರೂ ತಲೆಕೆಡಿಸಿಕೊಳ್ಳಲಿಲ್ಲ.

ಇನ್ನೊಂದು ನಿಯಮ ಇದರ ಜೊತೆ ಸೇರಿಕೊಂಡಿತು. ಒಬ್ಬ ಆಟಗಾರ ತುಂಬಾ ದಿನ ಆಡಲಾಗದಂತೆ ಗಾಯಗೊಂಡರೆ ತಂಡ ಅವನನ್ನು ದೀರ್ಘಾವಧಿ ಗಾಯಾಳು ಪಟ್ಟಿಗೆ ಹಾಕಬಹುದು. ಆಗ ಅವನ ಸಂಬಳದಷ್ಟು ಮಿತಿ ಮೀರಿ ಬೇರೆಯವರನ್ನು ತರಬಹುದಿತ್ತು. ಇದು ನ್ಯಾಯವೇ. ತೊಂದರೆ ಎಲ್ಲಿ ಅಂದರೆ, ಗಾಯಗೊಂಡವನು ಲೀಗ್ ಹಂತದಲ್ಲೇ ವಾಪಸ್ ಬಂದರೆ ತಂಡ ಯಾರನ್ನಾದರೂ ಕಳಿಸಿ ಲೆಕ್ಕ ಸರಿಮಾಡಬೇಕಿತ್ತು. ಪ್ಲೇಆಫ್‌ನ ಮೊದಲ ದಿನ ಬಂದರೆ ಏನೂ ಮಾಡಬೇಕಾಗಿರಲಿಲ್ಲ. ಆ ದಿನಕ್ಕೆ ಮಿತಿಯೇ ಇರಲಿಲ್ಲವಲ್ಲ. ಗಾಯಗೊಂಡಿದ್ದವನೂ ಇರುತ್ತಿದ್ದ, ಅವನ ದುಡ್ಡಲ್ಲಿ ತಂದವನೂ ಇರುತ್ತಿದ್ದ.

ಸೋತವರು ಕಲಿತದ್ದು

ಈಗ ಫ್ಲೋರಿಡಾಗೆ ಬರೋಣ. 2025ರ ಫೆಬ್ರವರಿಯಲ್ಲಿ ಅಮೆರಿಕ ತಂಡಕ್ಕೆ ಆಡುವಾಗ ಕಚಕ್ ಗಾಯಗೊಂಡ. ವರ್ಷಕ್ಕೆ 95 ಲಕ್ಷ ಡಾಲರ್ ಲೆಕ್ಕದ ಆಟಗಾರ ಅವನು. ಪಟ್ಟಿಗೆ ಹಾಕಿದರು. ಖಾಲಿಯಾದ ಜಾಗದಲ್ಲಿ ಮಾರ್ಚ್‌ನಲ್ಲಿ ಶಿಕಾಗೊದಿಂದ ಡಿಫೆನ್ಸ್ ಆಟಗಾರ ಸೆತ್ ಜೋನ್ಸ್ ಬಂದ, ಬಾಸ್ಟನ್‌ನಿಂದ ಮಾರ್ಶಂಡ್ ಬಂದ. ಏಪ್ರಿಲ್‌ನಲ್ಲಿ ಪ್ಲೇಆಫ್‌ನ ಮೊದಲ ಪಂದ್ಯಕ್ಕೆ ಕಚಕ್ ಕೂಡ ಬಂದ. ಮಾರ್ಶಂಡ್ ಆ ಫೈನಲ್‌ನಲ್ಲಿ ಹೊಡೆದದ್ದು ಆರು ಗೋಲು. ಎಡ್ಮಂಟನ್ ಅಭಿಮಾನಿಗಳ ಹೊಟ್ಟೆ ಉರಿಯದೆ ಇರುತ್ತದಾ?

ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಅದೇ ಸೀಸನ್‌ನಲ್ಲಿ ಎಡ್ಮಂಟನ್‌ನ ಇವ್ಯಾಂಡರ್ ಕೇನ್ ಲೀಗ್ ಹಂತದ ಒಂದೂ ಪಂದ್ಯ ಆಡಲಿಲ್ಲ. ಎರಡು ಶಸ್ತ್ರಚಿಕಿತ್ಸೆ ಆಗಿತ್ತು. ಅವನೂ ಅದೇ ಪಟ್ಟಿಯಲ್ಲಿದ್ದ, ಪ್ಲೇಆಫ್‌ನ ಎರಡನೇ ಪಂದ್ಯಕ್ಕೆ ಅಂಕಣಕ್ಕೆ ಇಳಿದ. ಬೈಯುವವರ ಮನೆಯಲ್ಲೂ ಅದೇ ಅಡುಗೆ.

ಇನ್ನು ಹಿಂದಿನ ಹತ್ತು ವರ್ಷ ನೋಡಿ. 2015ರಲ್ಲಿ ಶಿಕಾಗೊದ ಪ್ಯಾಟ್ರಿಕ್ ಕೇನ್ ಕಾಲರ್ ಎಲುಬು ಮುರಿದುಕೊಂಡ, ಆ ಜಾಗದಲ್ಲಿ ತಂಡ ಹೊಸಬರನ್ನು ತಂದಿತು, ಪ್ಲೇಆಫ್‌ನ ಮೊದಲ ದಿನವೇ ಕೇನ್ ಹಾಜರ್. ಫೈನಲ್‌ನಲ್ಲಿ ಅವರು ಸೋಲಿಸಿದ್ದು ಟ್ಯಾಂಪಾ ಬೇ ತಂಡವನ್ನು. 2021ರಲ್ಲಿ ಅದೇ ಟ್ಯಾಂಪಾದ ನಿಕಿತಾ ಕುಚೆರೊವ್ ಸೊಂಟದ ಶಸ್ತ್ರಚಿಕಿತ್ಸೆ ಅಂತ ಇಡೀ ಲೀಗ್ ಹಂತ ಹೊರಗಿದ್ದು, ಪ್ಲೇಆಫ್‌ಗೆ ಬಂದು ಎಲ್ಲರಿಗಿಂತ ಜಾಸ್ತಿ ಪಾಯಿಂಟ್ (ಗೋಲು, ಗೋಲಿಗೆ ಕೊಟ್ಟ ನೆರವು ಸೇರಿದ ಲೆಕ್ಕ) ಮಾಡಿದ. ಟ್ಯಾಂಪಾ ಕಪ್ ಗೆದ್ದಿತು. ಮಿತಿಗಿಂತ 1.8 ಕೋಟಿ ಡಾಲರ್ ಮೇಲೆ ಅಂತ ಬರೆದ ಟೀ ಶರ್ಟ್ ಹಾಕಿಕೊಂಡೇ ಅವನು ಸಂಭ್ರಮಿಸಿದ. ಲೀಗಿನವರಿಗೆ ನಗೋಕೂ ಆಗಲಿಲ್ಲ, ಸಿಟ್ಟಾಗೋಕೂ ಆಗಲಿಲ್ಲ, ಯಾಕೆಂದರೆ ನಿಯಮ ಮುರಿದಿರಲಿಲ್ಲ.

2023ರಲ್ಲಿ ವೇಗಸ್‌ನ ಮಾರ್ಕ್ ಸ್ಟೋನ್. ಬೆನ್ನಿನ ಶಸ್ತ್ರಚಿಕಿತ್ಸೆ, ಗಾಯಾಳು ಪಟ್ಟಿ, ಪ್ಲೇಆಫ್‌ನ ಮೊದಲ ಪಂದ್ಯಕ್ಕೆ ವಾಪಸ್. ಕಪ್ ಗೆದ್ದ ಪಂದ್ಯದಲ್ಲಿ ಅವನದು ಹ್ಯಾಟ್ರಿಕ್, ವೇಗಸ್ 9–3. ಆ ದಿನ ಸೋತ ತಂಡ ಯಾವುದು ಗೊತ್ತಾ? ಫ್ಲೋರಿಡಾ ಪ್ಯಾಂಥರ್ಸ್.

ಸಾಲು ಕಾಣುತ್ತಿದೆಯಲ್ಲ. ಟ್ಯಾಂಪಾ ಈ ವರಸೆಗೆ ಸೋತು, ಆಮೇಲೆ ಅದರಿಂದಲೇ ಗೆದ್ದಿತು. ಫ್ಲೋರಿಡಾವೂ ಹಾಗೇ. ಎಡ್ಮಂಟನ್ ಕಲಿಯುವ ದಾರಿಯಲ್ಲಿತ್ತು. (ಕೋರಿ ಪೆರ್ರಿ ಅಂತ ಒಬ್ಬ ಆಟಗಾರ ಇದ್ದಾನೆ, 2020ರಿಂದ 2025ರ ತನಕ ನಾಲ್ಕು ಬೇರೆ ಬೇರೆ ತಂಡಗಳಿಗೆ ಐದು ಫೈನಲ್ ಆಡಿ ಐದೂ ಸೋತ. ಪಾಪ, ಅವನಷ್ಟು ಹತ್ತಿರದಿಂದ ಇದನ್ನೆಲ್ಲ ನೋಡಿದವರು ಇನ್ನೊಬ್ಬರಿಲ್ಲ.) ಆದ್ದರಿಂದ ಹೊಸ ನಿಯಮ ಫ್ಲೋರಿಡಾ ಒಂದಕ್ಕೇ ಹಾಕಿದ ಬೇಲಿ ಅನ್ನುವುದು ಸರಿಯಲ್ಲ. ಒಂದು ತಂಡ ಮಾಡಿದಾಗ ಅದು ಜಾಣತನ ಅನ್ನಿಸಿಕೊಂಡಿತು. ಎಲ್ಲರೂ ಮಾಡೋಕೆ ಶುರುಮಾಡಿದಾಗ ಮಿತಿ ಅನ್ನುವುದಕ್ಕೇ ಅರ್ಥ ಹೋಯಿತು.

ಗಾಯ ಸುಳ್ಳು ಅನ್ನುವ ಆರೋಪ ಮಾತ್ರ ದುಡುಕಿನದು. ಕಚಕ್‌ನ ತೊಡೆಯ ಸ್ನಾಯು ಎಲುಬಿನಿಂದಲೇ ಕಿತ್ತು ಬಂದಿತ್ತು ಅಂತ ಸರಣಿ ಮುಗಿದ ಮೇಲೆ ಹೊರಬಂತು, ಆಗಸ್ಟ್‌ನಲ್ಲಿ ಶಸ್ತ್ರಚಿಕಿತ್ಸೆಯೂ ಆಯಿತು. ಈ ಎಲ್ಲ ಪ್ರಕರಣಗಳಲ್ಲೂ ಅನುಮಾನ ಬರುವುದು ಗಾಯದ ಮೇಲಲ್ಲ, ವಾಪಸ್ ಬರುವ ತಾರೀಕಿನ ಮೇಲೆ.

ತೆರಿಗೆಯ ಜಗಳ

ಸರಣಿ ಮುಗಿದು ಎರಡು ವಾರದಲ್ಲಿ ಬೆನೆಟ್, ಆರನ್ ಎಕ್‌ಬ್ಲಾಡ್, ಮಾರ್ಶಂಡ್ ಮೂವರೂ ಫ್ಲೋರಿಡಾದಲ್ಲೇ ಉಳಿಯೋಕೆ ಸಹಿ ಹಾಕಿದರು. ಒಬ್ಬರಾದರೂ ಹೋಗೇ ಹೋಗುತ್ತಾರೆ ಅಂತ ಎಲ್ಲರೂ ಲೆಕ್ಕ ಹಾಕಿದ್ದರು. ಅಲ್ಲಿಗೆ ಇನ್ನೊಂದು ದೂರು ಜೋರಾಯಿತು: ಫ್ಲೋರಿಡಾದಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ.

ದೂರಿನಲ್ಲಿ ಹುರುಳಿದೆ. ಫ್ಲೋರಿಡಾದಲ್ಲಿ ಇರುವವನಿಗೆ ಅಮೆರಿಕದ ಕೇಂದ್ರ ತೆರಿಗೆ ಮಾತ್ರ, ಮೇಲಿನ ದರ 37%. ಆಲ್ಬರ್ಟಾದಲ್ಲಿ ಕೇಂದ್ರ ಮತ್ತು ಪ್ರಾಂತ್ಯದ್ದು ಸೇರಿ ಮೇಲಿನ ದರ 48%. ಸಂಬಳದ ಮಿತಿ ಮಾತ್ರ ಎಲ್ಲರಿಗೂ ಒಂದೇ, ಅದೂ ತೆರಿಗೆಗೆ ಮುಂಚಿನ ಲೆಕ್ಕ. ಹಾಗಾಗಿ ಕೈಗೆ ಅಷ್ಟೇ ದುಡ್ಡು ಸಿಗಬೇಕೆಂದರೆ ಎಡ್ಮಂಟನ್ ಜಾಸ್ತಿ ಕೊಡಬೇಕು, ಜಾಸ್ತಿ ಕೊಟ್ಟರೆ ಮಿತಿಯಲ್ಲಿ ಉಳಿಯುವ ಜಾಗ ಕಡಿಮೆ. ಟೆಕ್ಸಾಸ್, ನೆವಾಡಾ, ಟೆನೆಸ್ಸಿಯ ತಂಡಗಳಿಗೂ ಫ್ಲೋರಿಡಾದ ಅನುಕೂಲವೇ ಇದೆ. 2020ರಿಂದ 2025ರ ತನಕ ಆರಕ್ಕೆ ಆರು ಫೈನಲ್‌ಗಳಲ್ಲೂ ಫ್ಲೋರಿಡಾ ರಾಜ್ಯದ ಒಂದು ತಂಡ ಇತ್ತು, ಮೊದಲ ಮೂರರಲ್ಲಿ ಟ್ಯಾಂಪಾ, ನಂತರದ ಮೂರರಲ್ಲಿ ಪ್ಯಾಂಥರ್ಸ್.

ಆದರೆ ಪೂರ್ತಿ 11% ವ್ಯತ್ಯಾಸ ಸಿಗುವುದಿಲ್ಲ. ಅರ್ಧ ಪಂದ್ಯಗಳು ಹೊರಗೆ ನಡೆಯುತ್ತವೆ, ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್ ಥರದ ರಾಜ್ಯಗಳು ಅಲ್ಲಿ ಆಡಿದ ದಿನಗಳಿಗೆ ತಮ್ಮ ಪಾಲು ಕಿತ್ತುಕೊಳ್ಳುತ್ತವೆ. ಲೀಗ್ ಕಮಿಷನರ್ ಗ್ಯಾರಿ ಬೆಟ್‌ಮನ್ ಈ ದೂರನ್ನೇ ತಳ್ಳಿಹಾಕಿದರು. ಫ್ಲೋರಿಡಾ ತಂಡಗಳು ಸೋಲುತ್ತಿದ್ದಾಗ ಯಾರೂ ತೆರಿಗೆ ಬಗ್ಗೆ ಮಾತಾಡಲಿಲ್ಲವಲ್ಲ ಅನ್ನುವುದು ಅವರ ವಾದ. ಇದಕ್ಕೆ ಉತ್ತರ ಕೊಡುವುದು ಕಷ್ಟ. 1996ರಿಂದ 2022ರ ತನಕ, 26 ವರ್ಷ, ಪ್ಯಾಂಥರ್ಸ್ ಒಂದೇ ಒಂದು ಪ್ಲೇಆಫ್ ಸರಣಿಯನ್ನೂ ಗೆದ್ದಿರಲಿಲ್ಲ. ಆಗಲೂ ತೆರಿಗೆ ಇರಲಿಲ್ಲ, ಬಿಸಿಲೂ ಇತ್ತು, ಸಮುದ್ರವೂ ಇತ್ತು.

ಬದಲಾದದ್ದು ಆಡಳಿತ. 2020ರಲ್ಲಿ ಬಿಲ್ ಜೀಟೊ ಜನರಲ್ ಮ್ಯಾನೇಜರ್ ಆದ ಮೇಲೆ ಬೇರೆಯವರು ಬೇಡ ಅಂದವರನ್ನು ಹುಡುಕಿ ತಂದರು. ಗುಸ್ತಾವ್ ಫೋರ್ಸ್‌ಲಿಂಗ್‌ನನ್ನು ಕ್ಯಾರೊಲಿನಾ ಕೈಬಿಟ್ಟಾಗ ಏನೂ ಕೊಡದೆ ಎತ್ತಿಕೊಂಡರು, ಈಗ ಅವನು ತಂಡದ ಡಿಫೆನ್ಸ್‌ನ ಬೆನ್ನೆಲುಬು. ಬೆನೆಟ್ ಕ್ಯಾಲ್ಗರಿಯಲ್ಲಿ ಮೂಲೆಗೆ ಬಿದ್ದಿದ್ದವನು, 2025ರ ಪ್ಲೇಆಫ್‌ನಲ್ಲಿ 15 ಗೋಲು ಹೊಡೆದು ಶ್ರೇಷ್ಠ ಆಟಗಾರನಾದ. ಇದರಲ್ಲಿ ತೆರಿಗೆಯ ಕೈವಾಡ ಎಲ್ಲಿದೆ? ನನ್ನ ಪ್ರಕಾರ ತೆರಿಗೆ ಒಳ್ಳೆಯ ತಂಡ ಕಟ್ಟಿಕೊಡುವುದಿಲ್ಲ. ಕಟ್ಟಿದ ತಂಡ ಒಡೆಯದ ಹಾಗೆ ನೋಡಿಕೊಳ್ಳೋಕೆ ಸಹಾಯ ಮಾಡುತ್ತದೆ. 2025ರ ಬೇಸಿಗೆಯಲ್ಲಿ ಮೂವರೂ ಉಳಿದದ್ದು ಅದಕ್ಕೇ ಇರಬಹುದು, ಗೆಲ್ಲುವ ತಂಡದಲ್ಲಿ ಇರುವ ಆಸೆ ಅದಕ್ಕಿಂತ ದೊಡ್ಡ ಕಾರಣವೂ ಇರಬಹುದು.

ಎದುರು ಉದಾಹರಣೆಯೂ ಇದೆ. ಅದೇ ವರ್ಷ ಅಕ್ಟೋಬರ್‌ನಲ್ಲಿ ಮೆಕ್‌ಡೇವಿಡ್ ಎಡ್ಮಂಟನ್ ಜೊತೆ ಇನ್ನೆರಡು ವರ್ಷಕ್ಕೆ ಸಹಿ ಹಾಕಿದ, ವರ್ಷಕ್ಕೆ 1.25 ಕೋಟಿ ಡಾಲರ್. ಮೊದಲಿದ್ದಷ್ಟೇ, ಒಂದು ಡಾಲರ್ ಜಾಸ್ತಿ ಇಲ್ಲ. ಅದಕ್ಕೆ ಕೆಲವೇ ದಿನ ಮುಂಚೆ ಮಿನೆಸೋಟಾದ ಕಿರಿಲ್ ಕಪ್ರಿಜೊವ್‌ಗೆ 1.7 ಕೋಟಿ ಸಿಕ್ಕಿತ್ತು. ಜಾಸ್ತಿ ತೆರಿಗೆ ಇರುವ ಊರಲ್ಲಿ, ಕಡಿಮೆ ಸಂಬಳಕ್ಕೆ, ಲೀಗಿನ ಅತಿ ದೊಡ್ಡ ಆಟಗಾರ. ಮಿಕ್ಕ ದುಡ್ಡಲ್ಲಿ ಒಳ್ಳೆಯವರನ್ನು ತನ್ನಿ ಅನ್ನುವುದು ಅದರ ಅರ್ಥ. ಎರಡೇ ವರ್ಷಕ್ಕೆ ಸಹಿ ಅನ್ನುವುದರಲ್ಲಿ ಒಂದು ಗಡುವೂ ಅಡಗಿದೆ.

ಹೊಸ ನಿಯಮದಿಂದ ಏನಾಗುತ್ತದೆ

ಇನ್ನು ಮುಂದೆ ಪ್ಲೇಆಫ್‌ನ ಪ್ರತಿ ಪಂದ್ಯಕ್ಕೆ ಇಳಿಸುವ 20 ಜನರ ಸಂಬಳದ ಲೆಕ್ಕ ಮಿತಿಯೊಳಗೆ ಇರಬೇಕು. ಜೊತೆಗೆ, ಗಾಯಗೊಂಡವನು ಅದೇ ಸೀಸನ್‌ನಲ್ಲಿ ವಾಪಸ್ ಬರುವುದಾದರೆ ಅವನ ಪೂರ್ತಿ ಸಂಬಳದಷ್ಟು ಜಾಗ ಸಿಗುವುದಿಲ್ಲ, ಲೀಗಿನ ಸರಾಸರಿ ಸಂಬಳದಷ್ಟು ಮಾತ್ರ. ಪೂರ್ತಿ ಜಾಗ ಬೇಕಿದ್ದರೆ ಅವನು ಪ್ಲೇಆಫ್ ಕೂಡ ಆಡುವಂತಿಲ್ಲ.

ಎರಡನೆಯದೇ ದೊಡ್ಡ ಹೊಡೆತ ಅಂತ ನನಗೆ ಅನ್ನಿಸುತ್ತದೆ, ಸುದ್ದಿ ಆದದ್ದು ಮೊದಲನೆಯದಾದರೂ. ಯಾಕೆಂದರೆ ಮೊದಲನೆಯದರಲ್ಲಿ ಸಡಿಲ ಇದೆ. ಲೆಕ್ಕಕ್ಕೆ ಬರುವುದು ಆ ದಿನ ಆಡುವ 20 ಜನ ಮಾತ್ರ. ಗಾಯಗೊಂಡವರು, ಬೆಂಚಿಗೂ ಬರದವರು ಲೆಕ್ಕಕ್ಕಿಲ್ಲ. ತಂಡದ ಪಟ್ಟಿಯಲ್ಲಿ ಮಿತಿಗಿಂತ ಜಾಸ್ತಿ ಆಟಗಾರರನ್ನು ಇಟ್ಟುಕೊಂಡು, ದಿನಕ್ಕೆ ತಕ್ಕಂತೆ ಬದಲಿಸುತ್ತಾ ಹೋಗಬಹುದು. 2021ರ ಟ್ಯಾಂಪಾದಂಥ ತಂಡಕ್ಕೆ ಖಂಡಿತ ಕಷ್ಟ ಆಗುತ್ತಿತ್ತು. ಸ್ವಲ್ಪ ಮೇಲೆ ಇರುವ ತಂಡ ದಾರಿ ಹುಡುಕಿಕೊಳ್ಳುತ್ತದೆ. ಆದರೆ ಮಾರ್ಚ್‌ನಲ್ಲಿ ದೊಡ್ಡ ಆಟಗಾರನನ್ನು ತರೋಕೆ ಜಾಗವೇ ಸಿಗದಿದ್ದರೆ ಹುಡುಕೋಕೆ ದಾರಿಯೂ ಇರುವುದಿಲ್ಲ. 95 ಲಕ್ಷದ ಆಟಗಾರ ಗಾಯಗೊಂಡರೂ ಅದರ ಅರ್ಧಕ್ಕಿಂತ ಕಡಿಮೆ ಜಾಗ ಸಿಗುತ್ತದೆ ಅಂದರೆ ಜೋನ್ಸ್ ಥರದವರನ್ನು ತರೋಕೆ ಮೊದಲು ಬೇರೆ ಯಾರನ್ನಾದರೂ ಕಳಿಸಬೇಕು.

ಆಟಗಾರರ ಮೇಲೂ ಪರಿಣಾಮ ಇದೆ, ಅದು ಎರಡೂ ಕಡೆ ಹರಿಯುತ್ತದೆ. ಇಷ್ಟು ದಿನ ಬೇಗ ಗುಣವಾದವನನ್ನು ಪ್ಲೇಆಫ್ ತನಕ ಕಾಯಿಸುವ ಆಸೆ ತಂಡಕ್ಕಿತ್ತು, ಒಂದು ಥರದಲ್ಲಿ ಆಟಗಾರನಿಗೆ ಅದು ಒಳ್ಳೆಯದೇ ಆಗುತ್ತಿತ್ತು. ಈಗ ಕಾಯಿಸಿ ಲಾಭ ಇಲ್ಲ, ಬೇಗ ಇಳಿಸುವ ಒತ್ತಡ ಜಾಸ್ತಿ ಆಗಬಹುದು.

ತೆರಿಗೆ ವಿಷಯಕ್ಕೆ ಒಪ್ಪಂದದಲ್ಲಿ ಏನೂ ಇಲ್ಲ, ಆ ಒಪ್ಪಂದ ನಡೆಯುವುದು 2030ರ ತನಕ. ಹತ್ತಿರದ ಒಂದು ಬದಲಾವಣೆ ಅಂದರೆ ಗುತ್ತಿಗೆಯ ಉದ್ದ. ತನ್ನದೇ ಆಟಗಾರನಿಗೆ ಎಂಟು ವರ್ಷ ಕೊಡಬಹುದಿತ್ತು, 2026ರ ಸೆಪ್ಟೆಂಬರ್‌ನಿಂದ ಏಳೇ. ಬೆನೆಟ್ ಮತ್ತು ಎಕ್‌ಬ್ಲಾಡ್‌ಗೆ ಸಿಕ್ಕ ಎಂಟು ವರ್ಷದ ಗುತ್ತಿಗೆ ಆಮೇಲೆ ಯಾರಿಗೂ ಸಿಗುವುದಿಲ್ಲ. ವರ್ಷ ಜಾಸ್ತಿ ಇದ್ದಷ್ಟೂ ಒಟ್ಟು ದುಡ್ಡನ್ನು ಹಂಚಿ ವರ್ಷದ ಲೆಕ್ಕ ಕಡಿಮೆ ತೋರಿಸಬಹುದು, ಆ ಅನುಕೂಲ ಎಲ್ಲ ತಂಡಗಳಿಗೂ ಒಂದು ವರ್ಷದಷ್ಟು ಕಡಿಮೆಯಾಯಿತು. ಅದೇ ಹೊತ್ತಿಗೆ ಮಿತಿಯೇ ಏರುತ್ತಿದೆ, 2026–27ಕ್ಕೆ 10.4 ಕೋಟಿ, ಮರುವರ್ಷ 11.35 ಕೋಟಿ ಅಂತ ಮೊದಲೇ ಹೇಳಿದ್ದಾರೆ. ಸಂಬಳ ದೊಡ್ಡದಾದಷ್ಟು ತೆರಿಗೆಯ ಶೇಕಡಾವಾರು ವ್ಯತ್ಯಾಸ ಡಾಲರ್ ಲೆಕ್ಕದಲ್ಲಿ ಇನ್ನೂ ದೊಡ್ಡದಾಗುತ್ತದೆ, ಆದ್ದರಿಂದ ಈ ದೂರು ನಿಲ್ಲುವುದಿಲ್ಲ.

ಇನ್ನು ಗುದ್ದಾಟ? ಅದರ ಬಗ್ಗೆ ಈ ನಿಯಮಗಳಲ್ಲಿ ಒಂದು ಸಾಲೂ ಇಲ್ಲ. ಎರಡು ವಾರ ಅದೇ ಮುಖ ನೋಡಿಕೊಂಡು ಆಡುವ ಸರಣಿ ಇರುವ ತನಕ, ಹತ್ತಕ್ಕೆ ಎರಡೇ ಸಲ ಸೀಟಿ ಊದುವ ಪದ್ಧತಿ ಇರುವ ತನಕ, ಕೆಣಕುವವನಿಗೆ ಲಾಭ ಇದ್ದೇ ಇರುತ್ತದೆ. ವ್ಯತ್ಯಾಸ ಬೇಕಿದ್ದರೆ ಅದು ರೆಫರಿಗಳಿಂದ ಬರಬೇಕು, ಸಂಬಳದ ಲೆಕ್ಕ ನೋಡುವವರಿಂದಲ್ಲ.